ಆಶಾ ಕಾರ್ಯಕರ್ತೆಗೆ ತಿಂಗಳ ಸಂಬಳ: ಪರ – ವಿರೋಧ

ಪರ

ಆಶಾ ಕಾರ್ಯಕರ್ತೆಗೆ ತಿಂಗಳ ಸಂಬಳ ಇಲ್ಲ; ರಾಜ್ಯದ ಗೌರವಧನ, ಜೊತೆಗೆ ಒಂದೊಂದು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಇದರಿಂದ ಏನಾಗುತ್ತದೆ ನೋಡಿ. ನಮ್ಮ ಕಡೆ ಮೊದಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಸೀಮಂತ ಮುಗಿಸಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ತಾಯಿ ಕಾರ್ಡ್ ಮಾಡಿಸಿದ್ದು, ಕಬ್ಬಿಣದ ಮಾತ್ರೆ ನುಂಗಿದೆಯಾ ಅಂತ ಬೆನ್ನು ಬಿದ್ದಿದ್ದು, ತಪಾಸಣೆಗೆ ಹೊರಡಿಸಿದ್ದು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಗೆ ಆಸ್ಪತ್ರೆಗೆ ಜೊತೆಗೆ ಹೋದ ಹಣ, ಬಾಣಂತಿ ಮನೆಗೆ ಹೋಗಿ ಮಗು ನೋಡಿದ ಹಣ ತವರೂರಿನವಳಿಗೆ. ಇಬ್ಬರದ್ದೂ ತಪ್ಪಿಲ್ಲ. ಕೆಲಸವನ್ನು ತುಂಡು ಮಾಡಿ ತುಂಡಿಗಿಷ್ಟು ಅಂತ ಬೆಲೆ ಕಟ್ಟಿದ್ದು ತಪ್ಪು.

ಆ ಬೆಲೆಯನ್ನಾದರೂ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕು. ತೂಕ ಹಾಕಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ಒಣಗಿದೆಯಾ, ಹಾಲು ಕುಡಿಯುತ್ತಿದೆಯಾ ಕೇಳಬೇಕು. ಆರೂ ಭೇಟಿ ಸೇರಿ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿಯೂ ಬೀಳುವುದಿಲ್ಲ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ. ಹತ್ತಿ ಇಳಿದು ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದ ಅಡಿಕೆ ಕೊಯ್ಲಿನ ಕೂಲಿಯೇ ಇದಕ್ಕಿಂತ ಜಾಸ್ತಿ ಅಲ್ವಾ?

2005ರಲ್ಲಿ ಯೋಜನೆ ಶುರುವಾದಾಗ ಇವರನ್ನು ಸ್ವಯಂಸೇವಕಿಯರು ಎಂದು ಕರೆದರು. ಸಾವಿರ ಜನಕ್ಕೆ ಒಬ್ಬರು, ಮನೆಗೆಲಸದ ನಡುವೆ ದಿನಕ್ಕೆ ಕೆಲವು ಗಂಟೆ ಅನ್ನುವ ಲೆಕ್ಕ. ಈಗ ಕ್ಷಯದ ಸರ್ವೆ, ಕುಷ್ಠದ ಸರ್ವೆ, ಡೆಂಗಿ ಕಾಲದಲ್ಲಿ ಲಾರ್ವಾ ಸರ್ವೆ, 30 ದಾಟಿದವರ ಬಿಪಿ-ಶುಗರ್ ಪಟ್ಟಿ, ರಾತ್ರಿ ಕೂತು ಮೊಬೈಲ್‌ನಲ್ಲಿ ಎಂಟ್ರಿ. ಇನ್ನೊಂದು ಮಾತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಹೆರಿಗೆ ಕಡಿಮೆ, ವಯಸ್ಸಾದವರು ಜಾಸ್ತಿ. ಹೆರಿಗೆಗೂ ಲಸಿಕೆಗೂ ಕಟ್ಟಿದ ಪ್ರೋತ್ಸಾಹಧನ ಇಳಿಯುತ್ತಲೇ ಹೋಗುತ್ತದೆ. ಕೆಲಸ ಮಾತ್ರ ಇಳಿಯುವುದಿಲ್ಲ.

ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ತಿಂಗಳಿಗೆ ತಲಾ 15,000 ರೂಪಾಯಿ ಸಂಬಳ ಕೊಟ್ಟರೆ ವರ್ಷಕ್ಕೆ 756 ಕೋಟಿ. ದೊಡ್ಡ ಮೊತ್ತವೇ. ಈಗ ರಾಜ್ಯ ಕೊಡುವ ಗೌರವಧನ, ಕೇಂದ್ರದ ಪ್ರೋತ್ಸಾಹಧನ ಕಳೆದರೆ ಹೊಸದಾಗಿ ಹುಡುಕಬೇಕಾದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಬ್ರೆಜಿಲ್ 2022ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ, ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕನಿಷ್ಠ ವೇತನದ ಎರಡರಷ್ಟು ಸಂಬಳ ಖಾತ್ರಿ ಮಾಡಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ಸಿಗುತ್ತದೆ ಅನ್ನುವ ಭರವಸೆ ಪಡೆದು ಊರಿಗೆ ಹೋದರು. ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬರಬೇಕಾಯಿತು.

ವಿರೋಧ

ಈ ಹೆಂಗಸರಿಗೆ ಹಣ ಜಾಸ್ತಿ ಸಿಗಬೇಕು. ಅದರಲ್ಲಿ ನನಗೆ ಜಗಳವೇ ಇಲ್ಲ. 42 ರೂಪಾಯಿಯ ಲೆಕ್ಕ ಓದಿದರೆ ನನಗೂ ಹೊಟ್ಟೆ ಉರಿಯುತ್ತದೆ. ನನ್ನ ಭಯ ಸಂಬಳದ ಬೆನ್ನಿಗೇ ಬರುವ ಉಳಿದದ್ದರ ಬಗ್ಗೆ: ಅರ್ಜಿ, ಮೆರಿಟ್ ಪಟ್ಟಿ, ವರ್ಗಾವಣೆ, ಮೇಲಿನವರ ಆದೇಶ.

ಆಶಾ ಅದೇ ಊರಿನ ಸೊಸೆ. ನೀರಿಗೆ ಅದೇ ನಲ್ಲಿಗೆ ಬರುತ್ತಾಳೆ. ಗಂಡ ಹೊಡೆದದ್ದು, ತಿಂಗಳು ನಿಂತದ್ದು, ಬೇಡವಾದ ಬಸಿರು, ಇವನ್ನು ಹೆಂಗಸರು ಅವಳ ಹತ್ತಿರ ಮೆಲ್ಲಗೆ ಹೇಳುತ್ತಾರೆ. ಕಚೇರಿಯವರ ಹತ್ತಿರ ಹೇಳುವುದಿಲ್ಲ. ಅವಳು ಪಟ್ಟಿ ಹಿಡಿದ ಸರ್ಕಾರದವಳಾಗಿ ಕಂಡಾಗ ಏನಾಗುತ್ತದೆ ಅಂತ ಕೊರೊನಾ ಕಾಲದಲ್ಲಿ ನೋಡಿದೆವು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಹಲ್ಲೆ ನಡೆಯಿತು.

ಮಹಾರಾಷ್ಟ್ರದ ಜಾಮಖೇಡ್‌ನಲ್ಲಿ ಡಾ. ರಜನಿಕಾಂತ್ ಅರೋಳೆ, ಡಾ. ಮೇಬೆಲ್ ಅರೋಳೆ ದಂಪತಿ 1970ರಲ್ಲಿ ಹಳ್ಳಿಗಳ ಆರೋಗ್ಯದ ಕೆಲಸ ಶುರು ಮಾಡಿದರು. ಊರಿನವರೇ ಆರಿಸಿ ಕಳಿಸಿದ ಹೆಂಗಸರನ್ನು ತರಬೇತು ಮಾಡಿದರು. ಅವರಲ್ಲಿ ಓದು ಬಾರದವರಿದ್ದರು, ದಲಿತರಿದ್ದರು. ತಿಂಗಳ ಸಂಬಳ ಇರಲಿಲ್ಲ. ಬದುಕಿಗೆ ಬೇರೆ ದಾರಿ ಮಾಡಿಕೊಳ್ಳಲು ಸಾಲ, ನೆರವು ಇತ್ತು. ಊರಿಗೆ ಉತ್ತರ ಹೇಳುವವರಾಗಿದ್ದರು, ಅದಕ್ಕೇ ಊರು ಅವರ ಮಾತು ಕೇಳಿತು. ಪರೀಕ್ಷೆ ಇಟ್ಟು ನೌಕರಿ ಕೊಟ್ಟಿದ್ದರೆ ಆ ಹೆಂಗಸರಲ್ಲಿ ಎಷ್ಟು ಜನ ಒಳಗೆ ಬರುತ್ತಿದ್ದರು?

ಹಣದ ಬಗ್ಗೆಯೂ ಒಂದು ಮಾತು. ಆಶಾ ಎದೆನೋವಿನ ಮುದುಕನನ್ನು ಕರೆದುಕೊಂಡು ಆರೋಗ್ಯ ಉಪಕೇಂದ್ರಕ್ಕೆ ಬಂದಾಗ ಬಾಗಿಲಿಗೆ ಬೀಗ ಇದ್ದರೆ ಅವಳ ಸಂಬಳದಿಂದ ಅವನಿಗೇನು ಬಂತು? ನರ್ಸ್ ಇರಬೇಕು, ಬಿಪಿ ಮಾತ್ರೆ ಇರಬೇಕು. ಹೊಸ ಕೋಟಿಗಳು ಮೊದಲು ಅಲ್ಲಿಗೆ ಹೋಗಲಿ.

ಜೊತೆಗೇ ಆಶಾಗಳ ಒಂದೊಂದು ಕೆಲಸದ ದರವನ್ನೂ ಮೂರು ಪಟ್ಟು ಮಾಡಿ. ಬೆಲೆ ಏರಿದ ಹಾಗೆ ಅದೂ ಏರಲಿ. ಬಿಪಿ-ಶುಗರ್ ಕೆಲಸಕ್ಕೂ ಸರಿಯಾದ ದರ ಕಟ್ಟಿ. ತವರಿಗೆ ಹೋದ ಬಸುರಿಯ ಹಣ ಇಬ್ಬರಿಗೂ ಹಂಚಿ. ತಿಂಗಳ ಐದನೇ ತಾರೀಖಿಗೆ ಖಾತೆಗೆ ಹಾಕಿ, ಕೆಲಸ ಬಿಡುವಾಗ ಇಡಿಗಂಟು ಕೊಡಿ. ಊರಿನ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಅಂತ ನಿಗದಿ ಮಾಡಿದ್ದಾರೆ, ಅದರಲ್ಲಿ ಏನು ಆಗುತ್ತದೆ? ಆ ಸಮಿತಿಯ ಕೈಗೆ ನಿಜವಾದ ದುಡ್ಡು ಕೊಡಿ. ಆಶಾಳ ಹಾಜರಿ ಹಾಕುವವರು ಯಾರು ಅನ್ನುವುದನ್ನು ಆಗ ಗ್ರಾಮಸಭೆಯಲ್ಲಿ ಕೂತು ಮಾತಾಡೋಣ.