ಕೈ ಎತ್ತಿದ ಮಾತ್ರಕ್ಕೆ ಎರಡು ಅಪಾರ್ಟ್‌ಮೆಂಟ್ ಒಂದಾಗಿಬಿಡುತ್ತಾ?

ನಿನ್ನೆಯ ಸಭೆ ಮುಗಿಸಿ ಬಂದಾಗಿನಿಂದ ತಲೆ ಬಿಸಿಯಾಗಿದೆ. ನಮ್ಮದು ಮೊದಲ ಹಂತದ ಕಟ್ಟಡ (ಫೇಸ್ ಒಂದು), ಪಕ್ಕದ್ದು ಎರಡನೆಯದು (ಫೇಸ್ ಎರಡು), ಎರಡರ ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್‌ಗಳನ್ನೂ ಒಂದು ಮಾಡುವ ವಿಷಯ. "ಒಪ್ಪುವವರು ಕೈ ಎತ್ತಿ" ಅಂದರು, ಎತ್ತಿದರು, ಚಪ್ಪಾಳೆ ಬಿತ್ತು. ವಿಲೀನ ಆಯಿತಂತೆ!

ಏನಾಯಿತು? ಸಂಘ ಒಂದಾಗುವುದು ಬೇರೆ, ಆಸ್ತಿ ಒಂದಾಗುವುದು ಬೇರೆ. ನಮ್ಮ ಎರಡೂ ಕಟ್ಟಡಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಬಂದಿವೆ. ನೆಲ, ಮೆಟ್ಟಿಲು, ಲಿಫ್ಟು, ತಾರಸಿಯಲ್ಲಿ ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು ಅವಿಭಜಿತ ಪಾಲು ಅನ್ನುವುದು ನೋಂದಣಿಯಾದ ಡಿಕ್ಲರೇಷನ್‌ನಲ್ಲಿ, ಅಂದರೆ ಕಟ್ಟಡದ ಘೋಷಣಾ ಪತ್ರದಲ್ಲಿದೆ. ಮಾಲೀಕರೆಲ್ಲರೂ ಒಪ್ಪಿ, ತಿದ್ದಿದ ಡಿಕ್ಲರೇಷನ್ ನೋಂದಣಿಯಾಗದೆ ಆ ಪಾಲನ್ನು ಬದಲಿಸುವಂತಿಲ್ಲ ಅನ್ನುತ್ತದೆ ಆರನೇ ಸೆಕ್ಷನ್. ಎಲ್ಲರೂ! ಸಭೆಗೆ ಬಂದವರಷ್ಟೇ ಅಲ್ಲ. ಎರಡು ಜಾಗ ಸೇರಿದರೆ ಪ್ರತಿಯೊಬ್ಬರ ಪಾಲಿನ ಅಂಕಿಯೂ ಬದಲಾಗುತ್ತದೆ. ಹೊಸ ಅಂಕಿ ಯಾವುದು ಅಂತ ನಿನ್ನೆ ಒಬ್ಬರೂ ಹೇಳಲಿಲ್ಲ. ಬಹುಮತ ಅನ್ನುವುದನ್ನು ಕೂಡ ಈ ಕಾಯ್ದೆ ತಲೆ ಎಣಿಸಿ ನೋಡುವುದಿಲ್ಲ. ಮತಕ್ಕೆಂದು ಡಿಕ್ಲರೇಷನ್‌ನಲ್ಲಿ ಗೊತ್ತುಮಾಡಿದ ಪಾಲಿನ ಪ್ರಕಾರ ಶೇ. 51 ಮತ ಬೇಕು. ನಿನ್ನೆ ಎಣಿಸಿದ್ದು ಕೈಗಳನ್ನು.

ವಿಲೀನ ನನಗೂ ಬೇಕು. ಒಂದೇ ಗೇಟು, ಒಂದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇಟ್ಟುಕೊಂಡು ಎರಡು ಲೆಕ್ಕ, ತಿಂಗಳು ತಿಂಗಳೂ ಜಗಳ, ಯಾರಿಗೆ ಬೇಕು? ಬೇಕು ಅನ್ನುವುದಕ್ಕೇ ಇಷ್ಟು ಸಿಟ್ಟು. ಈ ಫ್ಲ್ಯಾಟು ಬಿಟ್ಟರೆ ನನ್ನ ಹೆಸರಲ್ಲಿ ಬೇರೆ ಆಸ್ತಿ ಇಲ್ಲ. ನಾಳೆ ಹಳೆಯ ಕಟ್ಟಡ ಕೆಡವಿ ಕಟ್ಟುವ ಮಾತು ಬಂದರೆ ನನಗೆ ಉಳಿಯುವುದು ಆ ಪಾಲೇ.

"ಎಲ್ಲರ ಸಹಿ ಅಂದರೆ ಆಗಿಹೋಗುವ ಮಾತಾ? ವಿದೇಶದಲ್ಲಿರುವ ಒಬ್ಬರು ಸುಮ್ಮನಿದ್ದರೂ ಎಲ್ಲ ನಿಂತುಹೋಗುತ್ತದೆ" ಅಂದರು ನೆರೆಯವರು. ಕಷ್ಟ ನಿಜ. ಹಾಗಿದ್ದರೆ ಕಾಯ್ದೆ ತಿದ್ದಲಿ ಅಂತ ಸರ್ಕಾರವನ್ನು ಕೇಳೋಣ. ಅಮೆರಿಕದಲ್ಲಿ 1982ರಲ್ಲಿ ರೂಪಿಸಿದ ಮಾದರಿ ಕಾಯ್ದೆಯಲ್ಲಿ ಇಂಥ ವಿಲೀನಕ್ಕೆ ಎರಡೂ ಕಡೆ ಸಾಮಾನ್ಯವಾಗಿ ಶೇ. 80 ಮತ ಸಾಕು. ಆದರೆ ಅಲ್ಲಿಯೂ ಯಾರ ಪಾಲು ಎಷ್ಟಾಗುತ್ತದೆ, ಯಾವ ಸೂತ್ರದಲ್ಲಿ, ಅನ್ನುವುದು ಒಪ್ಪಂದದಲ್ಲೇ ಇರಬೇಕು, ಒಪ್ಪಂದ ನೋಂದಣಿಯಾಗಬೇಕು. ಸಹಿ ಸಿಗುವುದಿಲ್ಲ ಅಂತ ಲೆಕ್ಕವನ್ನೇ ಬಿಟ್ಟುಬಿಡುವುದು ಎಲ್ಲಿಯ ನ್ಯಾಯ?

ಎರಡೂ ಡಿಕ್ಲರೇಷನ್‌ಗಳ ಪ್ರತಿ, ಫ್ಲ್ಯಾಟುವಾರು ಹಳೆಯ ಪಾಲು ಮತ್ತು ಹೊಸ ಪಾಲಿನ ಪಟ್ಟಿ ಪ್ರತಿ ಮನೆಗೂ ಕೊಡಿ ಅಂತ ಇವತ್ತು ಬೆಳಗ್ಗೆ ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಿದ್ದೇನೆ. ಪಟ್ಟಿ ಕೈಗೆ ಬರುವವರೆಗೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನಮ್ಮ ಬ್ಲಾಕಿನವರು ಇದನ್ನು ಓದುತ್ತಿದ್ದರೆ, ನೀವೂ ಕೇಳಿ.