ಬಿಳಿ ಐದಕ್ಕಿಂತ ತುಸು ಮೇಲೆ

ತಾಂತ್ರಿಕ ಸಿಬ್ಬಂದಿಯ ಸಂಗೀತ ಹವ್ಯಾಸಕ್ಕೆ ಪ್ರೋತ್ಸಾಹ ಕೊಡುವ ಆ ಸುತ್ತೋಲೆಯನ್ನು ಓದದವರು ಕಲಬುರಗಿಯಲ್ಲಿ ಯಾರೂ ಉಳಿದಿರಲಾರರು. ನನಗಂತೂ ಅದು ವಾಟ್ಸ್‌ಆ್ಯಪ್‌ನಲ್ಲಿ ಆರು ಕಡೆಯಿಂದ ಬಂದಿದೆ. ಹೀಗಾಗಿ ಸಾರಾಂಶಕ್ಕೆ ಒಂದೇ ಸಾಲು ಸಾಕು: ವಾದ್ಯ ನುಡಿಸುವ ನೌಕರರು ಅರ್ಜಿ ಹಾಕಿದರೆ ಸರ್ಕಾರಿ ವೇದಿಕೆಯಲ್ಲಿ ನುಡಿಸಲು ಅವಕಾಶ. ಮೂರನೆಯ ಕಂಡಿಕೆಯನ್ನು ಮಾತ್ರ ಇನ್ನೊಮ್ಮೆ ಸವಿಯಬೇಕೆನಿಸುತ್ತದೆ. ಲೈನ್‌ಮನ್, ಫಿಟ್ಟರ್, ಪಂಪ್ ಆಪರೇಟರ್ ಮುಂತಾದವರು ತಮಗೆ ವಾದ್ಯ ನುಡಿಸುವ ಹವ್ಯಾಸವಿದೆ ಎಂಬುದನ್ನು ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡು, ವಾದ್ಯದೊಂದಿಗೆ ತೆಗೆಸಿಕೊಂಡ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಅಂಟಿಸಿ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ಎಂಥ ದೂರದೃಷ್ಟಿ! ತಬಲಾ ಬಾರದವನೊಬ್ಬ ಸುಳ್ಳು ಹೇಳಿ ತಬಲಾ ಬಾರಿಸಿಬಿಟ್ಟರೆ ಸರ್ಕಾರದ ಗತಿಯೇನು? ನನ್ನ ಪರಿಚಯದ ಲೈನ್‌ಮನ್ ಒಬ್ಬರು ಸೂಪರ್ ಮಾರ್ಕೆಟ್ ಬಳಿಯ ಸ್ಟುಡಿಯೊಗೆ ತಬಲಾ, ಅದರ ಎಡಗೈ ಜೋಡಿಯಾದ ಡಗ್ಗಾ ಎರಡನ್ನೂ ಹೊತ್ತುಕೊಂಡು ಹೋಗಿದ್ದರು. ಫೋಟೊದವನು ಅರ್ಧ ತಾಸು ಹೆಣಗಾಡಿ, "ಮುಖ ಬಂದ್ರ ಡಗ್ಗಾ ಹೋಗ್ತದ, ಡಗ್ಗಾ ಬಂದ್ರ ಮುಖ ಹೋಗ್ತದ, ಯಾವ್ದು ಬೇಕು ಹೇಳ್ರಿ ಕಾಕಾ" ಎಂದನಂತೆ. ಕಚೇರಿಗೆ ಯಾವುದು ಬೇಕೆಂಬುದು ಸುತ್ತೋಲೆಯಲ್ಲಿ ಸ್ಪಷ್ಟವಿರಲಿಲ್ಲವಾದ್ದರಿಂದ ಇವರು ಎರಡನ್ನೂ ಅರ್ಧರ್ಧ ತೆಗೆಸಿಕೊಂಡು ಬಂದರು. ದೃಢೀಕರಿಸಿದ ಅಧಿಕಾರಿಗಳು ಬೋಲ್ ಕೇಳಲಿಲ್ಲ, ತಾಳ ಕೇಳಲಿಲ್ಲ. ಆಧಾರ್ ಕಾರ್ಡ್ ಕೇಳಿದರು.

ಸರ್ಕಾರಕ್ಕೂ ವಾದ್ಯಗಳಿಗೂ ಇರುವ ನಂಟು ಹಳೆಯದು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಹೊರಗೆ ಹಾಕಿತು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹೊರಡುವುದಿಲ್ಲ, ಎರಡು ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿಗಳು ಸಿಗುವುದಿಲ್ಲ, ಅದು ಪರದೇಶದಿಂದ ಬಂದ ಪೆಟ್ಟಿಗೆ ಎಂಬುದು ಆಕ್ಷೇಪ. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂರು ದಶಕ ನಮ್ಮ ಕಡೆಯ ಹನುಮಪ್ಪನ ಗುಡಿಗಳಲ್ಲಿ ಪೇಟಿಯೇನೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಹಗಲೆಲ್ಲ ಕುಂಟಿ ಹೊಡೆದವರು, ಕುಲುಮೆ ಊದಿದವರು, ಶಹಾಬಾದಿನ ಕಲ್ಲು ಒಡೆದವರು ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಬೆಳಗಿನ ತನಕ ಹಾಡುತ್ತಲೇ ಇದ್ದರು. ಅದನ್ನು ಯಾರೂ ಹವ್ಯಾಸ ಎಂದು ಕರೆದ ನೆನಪು ನನಗಿಲ್ಲ. ಭಜನಿಗೆ ಹೋಗುವುದು ಎನ್ನುತ್ತಿದ್ದರು, ಅಷ್ಟೇ. ಇಷ್ಟಾದರೂ ಆಕಾಶವಾಣಿಯ ನಿಷೇಧದ ಬಗ್ಗೆ ನನಗೊಂದು ಗೌರವವಿದೆ. ಅದರ ಹಿಂದೆ, ಒಪ್ಪಲಿ ಬಿಡಲಿ, ಸಂಗೀತ ಬಲ್ಲವರ ವಾದವೊಂದಿತ್ತು. ಈ ಸುತ್ತೋಲೆಯ ಹಿಂದೆ ಇರುವುದು ಮೊಹರು.

ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಸಂಜೆ ಈ ಸುತ್ತೋಲೆಯವರು ನುಡಿಸಬೇಕಿದ್ದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಇಪ್ಪತ್ತೆರಡು ಗಣ್ಯರ ಹೆಸರುಗಳ ಕೆಳಗೆ, ಮುದ್ರಕರ ಹೆಸರಿಗಿಂತ ಒಂದು ಸಾಲು ಮೇಲೆ, "ತಾಂತ್ರಿಕ ಸಿಬ್ಬಂದಿಯಿಂದ ವಾದ್ಯ ಸಂಗೀತ" ಎಂದಿತ್ತು. ಭಾಷಣಗಳು ಮುಗಿಯುವ ಹೊತ್ತಿಗೆ ಒಂಬತ್ತೂವರೆ. ನಮ್ಮ ಲೈನ್‌ಮನ್ ವೇದಿಕೆಯ ಮೂಲೆಯಲ್ಲಿ ಕುಳಿತು, ದೀಪಗಳ ಕಾವಿಗೆ ಚರ್ಮ ಬಿಗಿದು ಏರಿಹೋಗಿದ್ದ ತಬಲಾವನ್ನು ಇಳಿಸುತ್ತಿದ್ದರು. ಸುತ್ತಿಗೆ ಮನೆಯಲ್ಲೇ ಉಳಿದಿದ್ದರಿಂದ ಸ್ಕ್ರೂ ಡ್ರೈವರಿನ ಮರದ ಹಿಡಿಯಿಂದ ಗಟ್ಟಾಗಳನ್ನು, ಅಂದರೆ ಪಕ್ಕದ ಮರದ ತುಂಡುಗಳನ್ನು, ಒಂದೊಂದಾಗಿ ಕೆಳಗಿನಿಂದ ಮೇಲಕ್ಕೆ ತಟ್ಟಿ, ಒಂದು ಬೆರಳಿನಿಂದ ಅಂಚಿನ ಚಾಟಿಯ ಮೇಲೆ ನಾದ ತೆಗೆದು, ಕಿವಿ ಬಗ್ಗಿಸಿ ಕೇಳಿ, ಮತ್ತೆ ತಟ್ಟುತ್ತಿದ್ದರು. ಅಷ್ಟರಲ್ಲಿ ಮೈಕಿನಿಂದ ಗುಂಯ್ ಎಂಬ ಸದ್ದು ಹೊರಟಿತು. ಮುಂದಿನ ಸೋಫಾದಿಂದ ಒಂದು ಕೈ ಮೇಲೆದ್ದಿತು: "ಏ ತಬಲಾ, ಕೆಳಗ ಇಳದು ಇದೇನದ ನೋಡಪ್ಪ."

ಇಪ್ಪತ್ತು ವರ್ಷ ಕಂಬ ಹತ್ತಿದ ಮನುಷ್ಯನ ಹೆಸರು ತಬಲಾ.

ಅವರು ಇಳಿದರು, ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿದರು. "ಬಿಳಿ ಐದಕ್ಕಿಂತ ತುಸು ಮ್ಯಾಲ ಹೊಂಟದ್ರಿ ಸಾಹೇಬ್ರೆ. ಕರೆಂಟಿಂದೇ ಅದ. ಎರಡು ಬೋರ್ಡಿಂದ ಲೈನ್ ತಗೊಂಡಾರ." ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಅದರ ಇಮ್ಮಡಿ 100. ಟ್ರಾನ್ಸ್‌ಫಾರ್ಮರ್ ಹಗಲಿರುಳು ಗುನುಗುವುದೂ ಆ 100ರಲ್ಲೇ. ಹಾರ್ಮೋನಿಯಂನ ಬಿಳಿ ಐದರ, ಅಂದರೆ ಐದನೆಯ ಬಿಳಿ ಮನೆಯ, ಖರ್ಜ (ಕೆಳಗಿನ ಸಪ್ತಕದ ಸ) 98. ಈ ಎರಡರ ಅಂತರವನ್ನು ಬರಿಗಿವಿಯಿಂದ ಹೇಳಬಲ್ಲವನನ್ನು ಬೇರೆ ಊರುಗಳಲ್ಲಿ ಏನೆಂದು ಕರೆಯುತ್ತಾರೋ ಕಾಣೆ. ಇಲ್ಲಿ ಆತನಿಗೆ ಪ್ಲಗ್ ಬದಲಿಸುವ ಕೆಲಸ ಸಿಕ್ಕಿತು. ಎಲ್ಲವನ್ನೂ ಒಂದೇ ಬೋರ್ಡಿಗೆ ಜೋಡಿಸಿದ ಮೇಲೆ ಸದ್ದು ನಿಂತಿತು. ಅದು ನಿಂತದ್ದೇ ತಪ್ಪಾಯಿತೇನೋ. ಆ ಸಂಜೆ ಅಲುಗಾಡದೆ ಒಂದೇ ಶ್ರುತಿಯಲ್ಲಿ ನಿಂತಿದ್ದುದು ಅದೊಂದೇ ಆಗಿತ್ತು. ಅನಂತರ ಹಿರಿಯ ಅಧಿಕಾರಿಗಳೊಬ್ಬರು ಮೊಬೈಲ್ ನೋಡಿಕೊಂಡು ಕರೋಕೆಯಲ್ಲಿ ನಾಲ್ಕು ಹಾಡು ಹಾಡಿದರು. ಅವರಿಗೆ ಹವ್ಯಾಸದ ದೃಢೀಕರಣ ಬೇಕಿರಲಿಲ್ಲ, ದೃಢೀಕರಿಸುವವರು ಅವರೇ. ನಾಲ್ಕನೆಯ ಹಾಡಿಗೆ ಸಮಯ ಮುಗಿದು, ವಾದ್ಯ ಸಂಗೀತವನ್ನು "ಸಾಂಕೇತಿಕವಾಗಿ" ಎರಡು ನಿಮಿಷಕ್ಕೆ ಮುಗಿಸಲಾಯಿತು. ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಿಂದ ಕೊಳಲು ಹಿಡಿದು ಬಂದಿದ್ದ ಫಿಟ್ಟರ್ ಒಬ್ಬರು ಆಲಾಪದ ಮೊದಲ ಉಸಿರು ಮುಗಿಸುವುದರೊಳಗೆ ವಂದನಾರ್ಪಣೆ ಆರಂಭವಾಗಿತ್ತು.

ಕೊನೆಗೆ ಸನ್ಮಾನ. ಕಲಾವಿದರ ಬೆರಳುಗಳಲ್ಲಿ ಸರಸ್ವತಿ ನೆಲೆಸಿದ್ದಾಳೆ ಎಂದು ನಿರೂಪಕರು ಹೇಳಿದಾಗ ಚಪ್ಪಾಳೆಯಾಯಿತು. ನಾನೂ ತಟ್ಟಿದೆ. ಇಷ್ಟು ಹೊತ್ತು ನಗುತ್ತ ಬರೆದೆ, ಇಲ್ಲಿಂದ ಆಗುವುದಿಲ್ಲ. ಆ ಬೆರಳುಗಳಿಗೆ ರಬ್ಬರ್ ಕೈಗವಸು ಕೊಡಿ ಎಂದು ನಮ್ಮ ಲೈನ್‌ಮನ್ ಬರೆದುಕೊಟ್ಟು ಹದಿನಾಲ್ಕು ತಿಂಗಳಾಗಿದೆ. ಇದ್ದ ಜೋಡಿ ಹೆಬ್ಬೆರಳ ಬಳಿ ಬಿರುಕು ಬಿಟ್ಟಿದೆ, ನಾನೇ ನೋಡಿದ್ದೇನೆ. ಮಳೆಗಾಲದ ನಡುರಾತ್ರಿ 11 ಕೆ.ವಿ., ಅಂದರೆ ಹನ್ನೊಂದು ಸಾವಿರ ವೋಲ್ಟ್‌ನ, ಲೈನಿನ ಕೆಳಗೆ ಅದನ್ನೇ ಹಾಕಿಕೊಂಡು ನಿಲ್ಲುತ್ತಾರೆ. ಹೊರಗುತ್ತಿಗೆಯ ಹುಡುಗರಿಗೆ ಅದೂ ಇಲ್ಲ, ಮೂರು ತಿಂಗಳ ಪಗಾರವೂ ಇಲ್ಲ. ಕೈಗವಸಿಗೆ ಅನುದಾನವಿಲ್ಲ, ಶಾಲಿಗೆ ಇದೆ. ಇದನ್ನು ಎಷ್ಟು ಸಲ ಬರೆಯುವುದು? ಸಾಕಾಗಿದೆ.

ಹೊರಗೆ ಗಾಡಿಯ ಹತ್ತಿರ ಅವರು ಆ ಶಾಲನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ, "ಇದು ಹನ್ನೊಂದು ಕೆವಿ ತಡೀತದೇನ್ರಿ?" ಎಂದರು. ಅಷ್ಟರಲ್ಲಿ ಬ್ರಹ್ಮಪುರದಿಂದ ಫೋನ್ ಬಂತು, ಫೇಸ್ ಹೋಗಿದೆಯೆಂದು. ಶಾಲನ್ನು ಡಗ್ಗಾಕ್ಕೆ ಸುತ್ತಿ, ಗಾಡಿಗೆ ಕಟ್ಟಿಕೊಂಡು ಹೊರಟರು.

ಮರುವಾರ ಕಾರ್ಯಕ್ರಮೋತ್ತರ ನಮೂನೆ ಬಂದಿದೆ. ಒಂಬತ್ತನೆಯ ಕಲಂನಲ್ಲಿ "ನೌಕರರ ಹವ್ಯಾಸದಿಂದ ಕಚೇರಿಗೆ ಆದ ಪ್ರಯೋಜನ" ಎಂದಿದೆ. ನಮ್ಮವರು ಯೋಚಿಸಿ, ಪ್ರಾಮಾಣಿಕವಾಗಿ, "ಗುಂಯ್ ಎಂಬ ಸದ್ದು ನಿಂತಿತು" ಎಂದು ಬರೆದುಕೊಟ್ಟರು. ಅರ್ಜಿ ಆಕ್ಷೇಪಣೆಯೊಂದಿಗೆ ವಾಪಸು ಬಂದಿದೆ: ಪ್ರಯೋಜನವನ್ನು ರೂಪಾಯಿಗಳಲ್ಲಿ ನಮೂದಿಸಿ, ಮೂರು ಪ್ರತಿಗಳಲ್ಲಿ ಮರುಸಲ್ಲಿಸುವುದು.