ಭಾವನಿಗೆ ಫಿನಿಶಿಂಗ್ ಬೇಕಂತೆ

ನಮ್ಮ ಭಾವ ನಿಮಗೆಲ್ಲ ಗೊತ್ತೇ ಇದ್ದಾರೆ. ಮನೆ ಕಟ್ಟಿಸುವ ಕಾಂಟ್ರಾಕ್ಟರು. ಯಾರ ಮನೆಗೆ ಹೋದರೂ ಮೊದಲು ಗೋಡೆ ಸವರಿ ನೋಡುವವರು. ಮೊನ್ನೆ ಶಾಂತಿನಿಕೇತನದಲ್ಲಿ ಶಿಲ್ಪಿ ರಾಮಕಿಂಕರ್ ಬೈಜ್ ಅವರ 'ಸಂತಾಲ ಕುಟುಂಬ' ಅನ್ನುವ ಶಿಲ್ಪದ ಮುಂದೆ ನಿಂತು ಹೇಳಿದರು: "ಪ್ಲಾಸ್ಟರಿಂಗೇ ಮಾಡಿಲ್ವಲ್ಲೋ! ಮೂಗು, ಕಿವಿ ಒಂದೂ ನೆಟ್ಟಗಿಲ್ಲ."

ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಅರ್ಧ ದಿನ ಮಾತೇ ಆಡಲಿಲ್ಲ.

1938ರದ್ದು ಅದು. ಸಿಮೆಂಟಿಗೆ ಆ ಊರಿನದೇ ಜಂಬಿಟ್ಟಿಗೆ ಹರಳು ಬೆರೆಸಿ, ಕಬ್ಬಿಣದ ಸರಳಿನ ಹಂದರಕ್ಕೆ ಮೆತ್ತಿ ಮಾಡಿದ್ದು. ಊರು ಬಿಟ್ಟು ಹೊರಟ ಸಂತಾಲ ಬುಡಕಟ್ಟಿನ ಸಂಸಾರ. ಗಂಡನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ಹೆಂಡತಿ, ಜೊತೆಗೊಂದು ನಾಯಿ. ಆ ಮೈಗಳು ಅವರು ತುಳಿಯುವ ನೆಲದ ಹಾಗೇ ತರಿತರಿಯಾಗಿವೆ. ಅದಕ್ಕೆ ನುಣ್ಣಗೆ ಗಾರೆ ಬಳಿದರೆ ಬಟ್ಟೆ ಅಂಗಡಿ ಗೊಂಬೆ ಆಗುತ್ತೆ, ಅಷ್ಟೇ.

ಆಮೇಲೆ ಬೈಜ್ ಅವರದೇ 1956ರ ಶಿಲ್ಪ 'ಮಿಲ್ ಕಾಲ್'. ಮಿಲ್ಲಿನ ಸೈರನ್ ಕೂಗಿದೆ. ಇಬ್ಬರು ಹೆಂಗಸರು ಓಡುತ್ತಿದ್ದಾರೆ, ಒದ್ದೆ ಬಟ್ಟೆ ಆ ಓಟದ ಗಾಳಿಯಲ್ಲೇ ಒಣಗಬೇಕು. "ಯಾರ ಮೈಯಾದ್ರೂ ಹೀಗಿರುತ್ತಾ?" ಅಂದರು ಭಾವ. ಕೆಲಸಕ್ಕೆ ತಡ ಆದಾಗ ಇರುತ್ತೆ ಭಾವ!

ಈ 'ಥೇಟ್ ಹಾಗೇ ಇರಬೇಕು' ಅನ್ನುವವರನ್ನು ಮೆಚ್ಚಿಸೋದು ಫ್ರಾನ್ಸಿನ ಶಿಲ್ಪಿ ರೋಡಿನ್‌ಗೂ ಆಗಲಿಲ್ಲ. 1877ರಲ್ಲಿ ಅವನು ಬೆತ್ತಲೆ ಯುವಕನ ಮೂರ್ತಿ ಇಟ್ಟಾಗ, ಮನುಷ್ಯನ ಮೈಯಿಂದಲೇ ಅಚ್ಚು ತೆಗೆದಿದ್ದಾನೆ ಅಂತ ಗುಲ್ಲೆಬ್ಬಿಸಿದರು. 1898ರಲ್ಲಿ ಸಾಹಿತಿ ಬಾಲ್ಜಾಕನಿಗೆ ದೊಗಳೆ ನಿಲುವಂಗಿ ಹೊದಿಸಿ ಬಂಡೆ ಹಾಗೆ ನಿಲ್ಲಿಸಿದ. ಮಾಡಿಕೊಡಪ್ಪಾ ಅಂತ ಕೇಳಿದ್ದ ಲೇಖಕರ ಸಂಘವೇ ಬೇಡ ಅಂತು. ಅದು ಪ್ಯಾರಿಸ್ಸಿನ ಬೀದಿಗೆ ಬಂದದ್ದು 1939ರಲ್ಲಿ. ಅಷ್ಟೊತ್ತಿಗೆ ರೋಡಿನ್ ಸತ್ತು 22 ವರ್ಷ.

ಅಷ್ಟು ದೂರ ಯಾಕೆ, ಶ್ರವಣಬೆಳಗೊಳಕ್ಕೇ ಬನ್ನಿ. ವರ್ಷವಿಡೀ ಅನ್ನನೀರಿಲ್ಲದೆ ನಿಂತ ಬಾಹುಬಲಿ. ಬಳ್ಳಿ ತೊಡೆ ದಾಟಿ ತೋಳಿಗೆ ಹತ್ತಿದೆ, ಕಾಲ ಬಳಿ ಹುತ್ತ ಬೆಳೆದಿದೆ. ಪಕ್ಕೆಲುಬು ಮಾತ್ರ ಒಂದೂ ಕಾಣಲ್ಲ! ಥೇಟ್ ಕೆತ್ತಿದ್ದರೆ ಎಲುಬಿನ ಗೂಡು ನಿಂತಿರುತ್ತಿತ್ತು. ಅಲ್ಲಿ ಭಾವ ತೆಪ್ಪಗೆ ಕೈ ಮುಗಿದಿದ್ದರು.

ತಗಡು ತಿರುಚಿ ಇಟ್ಟು 'ಅಮೂರ್ತ' ಅನ್ನೋರೂ ಇದ್ದಾರಲ್ಲ ಅಂತೀರಾ? ಇದ್ದಾರೆ. ಸರ್ಕಲ್ಲಿಗೊಂದರಂತೆ ಚಿನ್ನದ ಬಣ್ಣ ಬಳಿದು ನಿಲ್ಲಿಸಿರೋ ಫೈಬರ್ ಮೂರ್ತಿಗಳನ್ನು ಮೊದಲು ಎಣಿಸಿ, ಆಮೇಲೆ ಅವರ ಸುದ್ದಿಗೆ ಬನ್ನಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಪ್ಪ ತೀರಿಕೊಂಡ ವರ್ಷ ಫೋಟೋ ಕೊಟ್ಟು ಅವರ ಅರ್ಧಮೂರ್ತಿ ಮಾಡಿಸಿದವನು ನಾನೇ. ಕನ್ನಡಕ, ಮೀಸೆ, ಗಲ್ಲದ ಮಚ್ಚೆ ಎಲ್ಲ ಕರೆಕ್ಟು. ಬಂದವರೆಲ್ಲ "ಥೇಟ್ ಅಪ್ಪನೇ" ಅಂದರು. ಅಮ್ಮ ಸುಮ್ನೆ ನೋಡುತ್ತಾ ಕೂತಿದ್ದಳು. ಆಮೇಲೆ, "ಇವರು ಯಾವತ್ತೋ ಇಷ್ಟು ನೆಟ್ಟಗೆ ಕೂತಿದ್ದು?" ಅಂದಳು. ಅದೀಗ ಅಟ್ಟದ ಮೇಲಿದೆ.

ಭಾವ ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ. ಫ್ಯಾಮಿಲಿ ಗ್ರೂಪಿನಲ್ಲಿ 'ಸಂತಾಲ ಕುಟುಂಬ'ದ ಫೋಟೋ ಕೆಳಗೆ 'ಅರ್ಧಕ್ಕೆ ನಿಂತ ಕಾಮಗಾರಿ' ಅಂತ ಬರೆದಿದ್ದಾರಲ್ಲ, ಅದನ್ನು ಮೊದಲು ಡಿಲೀಟ್ ಮಾಡಲಿ.